ಮಾಡಿನ ಮೇಲಿನ ದಾರಿ

ಕಳೆದ ಮಳೆಗಾಲದಲ್ಲಿ, ಆಟಿ ತಿಂಗಳ ಮಳೆ ಎರಡು ದಿನ ಬಿಡುವು ಕೊಟ್ಟಿದ್ದಾಗ, ನೆರೆಮನೆಯವರು ಅಡಿಕೆಗೆ ಮದ್ದು ಬಿಡಲು ಡ್ರೋನ್ ತರಿಸಿದ್ದರು. ಮರ ಹತ್ತಿ ಮದ್ದು ಬಿಡುವವರು ಕಾಸರಗೋಡು ಜಿಲ್ಲೆಯ ನಮ್ಮ ಎಣ್ಮಕಜೆಯ ಕಡೆ ಈಗ ಸಿಗುವುದೇ ಕಷ್ಟ. ಕೊಳೆರೋಗವಂತೂ ಯಾರ ಬಿಡುವಿಗೂ ಕಾಯುವುದಿಲ್ಲ. ಆದ್ದರಿಂದ ಅವರು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಚಾವಡಿಯಲ್ಲಿ ಕುಳಿತು ಹಲಸಿನ ಬೇಳೆಯ ಸಿಪ್ಪೆ ಸುಲಿಯುತ್ತಿದ್ದ ಅಮ್ಮನಿಗೆ ತೋಟದ ಆಚೆಯಿಂದ ಆ ಶಬ್ದ ಕೇಳಿಸಿತು. ಎಂಬತ್ತನಾಲ್ಕು ವರ್ಷದ ಅಮ್ಮ ಈಗ ಗೋಡೆ ಹಿಡಿಯದೆ ನಡೆಯುವುದಿಲ್ಲ. ಅಂಥವರು ಎದ್ದು, ಮೆಟ್ಟಿಲಿಳಿದು, ಪಾಚಿ ಕಟ್ಟಿದ ಅಂಗಳವನ್ನು ದಾಟಿ, ಕೊಟ್ಟಿಗೆಯ ಬದಿಗೆ ಒರಗಿಸಿಟ್ಟಿದ್ದ ತಗಡನ್ನು ಎಳೆದು ತಂದು ಬಾವಿಯ ಮೇಲೆ ಹೊದಿಸಿ, ಅದು ಜಾರದಂತೆ ಎರಡು ಕಲ್ಲು ಹೇರಿದರು. ನಾನು ಗಾಬರಿಯಿಂದ ಓಡಿ ಹೋಗಿ "ಏನಮ್ಮಾ ಇದು" ಎಂದು ಕೇಳಿದರೆ, "ಹೆಲಿಕಾಪ್ಟರ್ ಬಂತಲ್ಲ ಮಗಾ" ಎಂದರು.

ನಮ್ಮ ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಮದ್ದು ಸುರಿಯುವುದು ನಿಂತು ಇಪ್ಪತ್ತೈದು ವರ್ಷಗಳಾಗಿವೆ.

ನಗರಗಳಲ್ಲಿ ಡ್ರೋನ್ ಮೂಲಕ ಮನೆಮನೆಗೆ ಸಾಮಾನು ತಲುಪಿಸುವ ವ್ಯವಸ್ಥೆಯನ್ನು ಜನ ಹೇಗೆ ಸ್ವೀಕರಿಸುತ್ತಿದ್ದಾರೆ ಎಂಬುದನ್ನು ಬರೆಯಬೇಕೆಂದು ಕೆಲವು ತಿಂಗಳಿಂದ ಅಂದುಕೊಂಡಿದ್ದೆ. ಬರೆಯಲು ಕುಳಿತಾಗಲೆಲ್ಲ ಕಣ್ಣ ಮುಂದೆ ಬಂದದ್ದು ಅಮ್ಮ ಹೇರಿದ ಆ ಎರಡು ಕಲ್ಲುಗಳು. ತಲೆಯ ಮೇಲೆ ಹಾರುವ ಯಂತ್ರವನ್ನು ಯಾರೂ ಬರಿಯ ಕಣ್ಣಿನಿಂದ ನೋಡುವುದಿಲ್ಲ. ಅದಕ್ಕಿಂತ ಮೊದಲು ತಮ್ಮ ಮೇಲೆ ಏನು ಹಾರಿತ್ತು, ಆಗ ತಮ್ಮನ್ನು ಯಾರು ಕೇಳಿದ್ದರು ಎಂಬ ನೆನಪಿನಿಂದಲೂ ನೋಡುತ್ತಾರೆ. ಕಾಸರಗೋಡಿನವರಾದ ನಮಗೆ ಆ ನೆನಪು ಸ್ವಲ್ಪ ಹೆಚ್ಚೇ ಇದೆ.

ಬೆಂಗಳೂರಿನ ಕೋಣನಕುಂಟೆ, ಕನಕಪುರ ರಸ್ತೆಯ ಕಡೆ 2025ರ ಆರಂಭದಲ್ಲಿ ಡ್ರೋನ್ ಮೂಲಕ ದಿನಸಿ ತಲುಪಿಸುವುದು ಶುರುವಾಯಿತು. ಗುರುಗ್ರಾಮದಲ್ಲಿ ಅದು ಅದಕ್ಕೂ ಮೊದಲೇ ನಡೆಯುತ್ತಿತ್ತು. ನನ್ನ ಮಗಳ ಮನೆ ಇರುವುದು ಬೆಂಗಳೂರಿನ ಅದೇ ದಿಕ್ಕಿನಲ್ಲಿ. ಅವಳಲ್ಲಿಗೆ ಹೋಗಿ ಮೂರು ವಾರ ಇದ್ದಾಗ ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ನೋಡುವುದೇ ನನ್ನ ಬೆಳಗಿನ ಕೆಲಸವಾಗಿತ್ತು. ಡ್ರೋನ್ ಪ್ರತಿ ಮನೆಯ ಬಾಗಿಲಿಗೆ ಬರುವುದಿಲ್ಲ. ಗೊತ್ತುಪಡಿಸಿದ ಒಂದು ಜಾಗಕ್ಕೆ ಪೊಟ್ಟಣವನ್ನು ತಲುಪಿಸಿ ಹಿಂತಿರುಗುತ್ತದೆ. ಅಲ್ಲಿಂದ ಮನೆಗೆ ಅದನ್ನು ಒಬ್ಬ ಮನುಷ್ಯನೇ ನಡೆದು ತರುತ್ತಾನೆ. ಮೊದಲ ದಿನ ಮಕ್ಕಳೆಲ್ಲ ಆಟ ಬಿಟ್ಟು ಮೇಲೆ ನೋಡಿದರು, ಕಾವಲುಗಾರ ಫೋನು ತೆಗೆದು ಚಿತ್ರೀಕರಿಸಿದ. ಎರಡನೆಯ ವಾರದ ಹೊತ್ತಿಗೆ ಮಕ್ಕಳು ತಲೆ ಎತ್ತುವುದನ್ನು ಬಿಟ್ಟಿದ್ದರು. ಎದುರಿನ ಕಟ್ಟಡದಲ್ಲಿ ಬಟ್ಟೆ ಒಣಗಿಸಲು ಬರುತ್ತಿದ್ದ ಒಬ್ಬ ಹೆಂಗಸು ಮಾತ್ರ, ಶಬ್ದ ಕೇಳಿದ ಕೂಡಲೇ ಬಕೆಟನ್ನು ಅಲ್ಲಿಯೇ ಬಿಟ್ಟು ಒಳಗೆ ಹೋಗಿ, ಅದು ದಾಟಿದ ಮೇಲೆ ಬಂದು ಉಳಿದ ಬಟ್ಟೆ ಹರಡುತ್ತಿದ್ದರು. ಪ್ರತಿ ದಿನವೂ ಹಾಗೆಯೇ. ಯಾರಾದರೂ ಸಮೀಕ್ಷೆಗೆ ಬಂದು ಕೇಳಿದ್ದರೆ ಅವರು ಬಹುಶಃ "ತೊಂದರೆಯೇನಿಲ್ಲ" ಎಂದೇ ಹೇಳುತ್ತಿದ್ದರು. ಬಕೆಟ್ ಬಿಟ್ಟು ಒಳಗೆ ಹೋಗುವುದು ಯಾವ ಪ್ರಶ್ನಾವಳಿಯಲ್ಲೂ ದಾಖಲಾಗುವುದಿಲ್ಲ.

ಗೇಟಿನ ಹೊರಗೆ ಹೊಂಗೆ ಮರದ ನೆರಳಿನಲ್ಲಿ ಬೈಕ್ ನಿಲ್ಲಿಸಿಕೊಂಡು ಮುಂದಿನ ಆರ್ಡರಿಗೆ ಕಾಯುತ್ತಿದ್ದ ಹುಡುಗರ ಜೊತೆಯೂ ಮಾತಾಡಿದೆ. ಅವರಲ್ಲೊಬ್ಬ ರಾಯಚೂರಿನ ಕಡೆಯವನು. ಅವನಿಗೆ ಡ್ರೋನಿನ ಮೇಲೆ ಸಿಟ್ಟಿರಲಿಲ್ಲ. ಸಿಗ್ನಲಿನಲ್ಲಿ ಹೊಗೆ ಕುಡಿಯುವ ಕೆಲಸ ಯಂತ್ರಕ್ಕೆ ಹೋದರೆ ಹೋಗಲಿ ಎಂದ. "ಆದರೆ ಸರ್, ನಾವು ತಪ್ಪು ಮಾಡಿದರೆ ಜನ ನಮ್ಮನ್ನೇ ನಿಲ್ಲಿಸಿ ಬೈಯುತ್ತಾರೆ. ಅದನ್ನು ಯಾರು ನಿಲ್ಲಿಸುತ್ತಾರೆ?" ಎಂದು ಕೇಳಿದ. ನಾನು ಈ ವಿಷಯದಲ್ಲಿ ಓದಿದ ಎಷ್ಟೋ ವರದಿಗಳಿಗಿಂತ ಅವನ ಈ ಮಾತು ವಿಷಯದ ಬುಡಕ್ಕೆ ಹತ್ತಿರವಾಗಿತ್ತು.

ಹೊರದೇಶಗಳಲ್ಲಿ ಜನ ಹೇಗೆ ಪ್ರತಿಕ್ರಿಯಿಸಿದರು ಎಂಬುದಕ್ಕೆ ಎಲ್ಲಕ್ಕಿಂತ ಸ್ಪಷ್ಟವಾದ ಉದಾಹರಣೆ ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್ಬೆರಾ. ಅಲ್ಲಿನ ಬೊನೈಥನ್ ಎಂಬ ಬಡಾವಣೆಯಲ್ಲಿ 2018ರಲ್ಲಿ ವಿಂಗ್ ಕಂಪನಿ ಕಾಫಿ, ತಿಂಡಿ, ಔಷಧದಂಥ ಸಣ್ಣ ಸಾಮಾನುಗಳನ್ನು ಡ್ರೋನಿನಿಂದ ಹಗ್ಗದ ಮೂಲಕ ಮನೆಯಂಗಳಕ್ಕೆ ಇಳಿಸುವ ಪ್ರಯೋಗ ನಡೆಸಿತು. ತರಿಸಿಕೊಂಡವರಲ್ಲಿ ಹಲವರು ಮೆಚ್ಚಿದರು. ಪುಟ್ಟ ಮಕ್ಕಳನ್ನು ಬಿಟ್ಟು ಹೊರಗೆ ಹೋಗಲಾಗದ ತಾಯಂದಿರಿಗೆ, ನಡೆದಾಡಲು ಕಷ್ಟವಿರುವವರಿಗೆ ಅದರಿಂದ ನಿಜವಾದ ಉಪಕಾರವಿತ್ತು. ಆದರೆ ಏನನ್ನೂ ತರಿಸಿಕೊಳ್ಳದೆ ಕೇವಲ ದಾರಿಯ ಕೆಳಗೆ ಇದ್ದವರು ಶಬ್ದ ತಡೆಯಲಾಗುತ್ತಿಲ್ಲ, ನಾಯಿಗಳು ಕಂಗೆಡುತ್ತಿವೆ, ಹಿತ್ತಲಿನಲ್ಲಿ ನೆಮ್ಮದಿಯಿಂದ ಕೂರಲಾಗುತ್ತಿಲ್ಲ ಎಂದು ದೂರಿದರು, ಸಂಘ ಕಟ್ಟಿಕೊಂಡರು. ಆಗ ಹೊರಬಿದ್ದ ಸಂಗತಿಯೇ ಮುಖ್ಯವಾದದ್ದು: ಆ ದೂರನ್ನು ಕೇಳಿಸಿಕೊಳ್ಳಬೇಕಾದವರು ಯಾರೆಂಬುದೇ ಜನರಿಗೆ ಸ್ಪಷ್ಟವಿರಲಿಲ್ಲ. ವಾಯುಯಾನ ಸುರಕ್ಷತೆಯ ಪ್ರಾಧಿಕಾರ ಸುರಕ್ಷತೆಯನ್ನು ಮಾತ್ರ ನೋಡುತ್ತಿತ್ತು. ಆಕಾಶದ ಶಬ್ದ ಸ್ಥಳೀಯ ಸರ್ಕಾರದ ಕೈಯಲ್ಲಿರಲಿಲ್ಲ. ಕೊನೆಗೆ 2019ರಲ್ಲಿ ಅಲ್ಲಿನ ಶಾಸನಸಭೆಯ ಸಮಿತಿ ವಿಚಾರಣೆ ನಡೆಸಿತು, ಕಂಪನಿ ಕಡಿಮೆ ಶಬ್ದದ ರೆಕ್ಕೆಗಳನ್ನು ರೂಪಿಸಿತು. ಎರಡು ವರ್ಷಗಳ ಬಳಿಕ ಅದೇ ನಗರದ ಹ್ಯಾರಿಸನ್ ಎಂಬಲ್ಲಿ ಗೂಡು ಕಟ್ಟಿದ್ದ ಕಾಗೆಗಳು ಡ್ರೋನಿನ ಮೇಲೆ ಎರಗಿದ್ದರಿಂದ ಅಲ್ಲಿ ಸೇವೆಯನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2022ರಲ್ಲಿ ಕ್ವೀನ್ಸ್‌ಲ್ಯಾಂಡಿನ ಲೋಗನ್‌ನಲ್ಲಿ ಒಂದು ಡ್ರೋನ್ ವಿದ್ಯುತ್ ತಂತಿಯ ಮೇಲೆ ಇಳಿದು ಸುಮಾರು 2,000 ಗ್ರಾಹಕರಿಗೆ ಕರೆಂಟ್ ಹೋಯಿತು.

ಅಮೆರಿಕದ ಟೆಕ್ಸಾಸಿನ ಕಾಲೇಜ್ ಸ್ಟೇಷನ್ ಎಂಬ ಊರಿನ ಕಥೆಯೂ ಹೆಚ್ಚು ಬೇರೆಯಲ್ಲ. ಅಲ್ಲಿ ದಿನಕ್ಕೆ 200ರಷ್ಟು ಹಾರಾಟಕ್ಕೆ ಅನುಮತಿ ಪಡೆದಿದ್ದ ಅಮೆಜಾನ್ ಅದನ್ನು 469ಕ್ಕೆ ಏರಿಸಲು ಕೋರಿದಾಗ, 2024ರ ಜುಲೈಯಲ್ಲಿ ಆ ಊರಿನ ಮೇಯರ್ ಸ್ವತಃ ಕೇಂದ್ರ ವಾಯುಯಾನ ಆಡಳಿತಕ್ಕೆ ಪತ್ರ ಬರೆದು ನಿವಾಸಿಗಳ ಆಕ್ಷೇಪವನ್ನು ತಿಳಿಸಬೇಕಾಯಿತು.

ಡ್ರೋನಿನ ಶಬ್ದ ಅಷ್ಟೇನೂ ಜೋರಿಲ್ಲ, ರಸ್ತೆಯ ಲಾರಿಗಿಂತ ಕಡಿಮೆ ಎಂದು ಕೆಲವರು ಅಳತೆ ತೋರಿಸಿ ವಾದಿಸುತ್ತಾರೆ. ಅಳತೆಯೊಂದರಿಂದ ಇದು ತೀರ್ಮಾನವಾಗುವುದಿಲ್ಲ. 2017ರಲ್ಲಿ ನಾಸಾದ ಸಂಶೋಧಕರು ಜನರನ್ನು ಕೂರಿಸಿ ಎರಡು ಬಗೆಯ ಶಬ್ದಗಳನ್ನೂ ಕೇಳಿಸಿದಾಗ, ಜೋರು ಒಂದೇ ಆಗಿದ್ದರೂ ರಸ್ತೆಯ ವಾಹನಗಳಿಗಿಂತ ಡ್ರೋನಿನ ಶಬ್ದವೇ ಹೆಚ್ಚು ಕಿರಿಕಿರಿಯೆಂದು ಅವರು ಹೇಳಿದರು. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಅವು ಮಿತಿ ಹಾಕುತ್ತವೆ. ಆದರೆ ಆ ಎತ್ತರದ ಸ್ವರದ, ಏರಿಳಿಯುವ, ಎಲ್ಲಿ ಸುಳಿಯುತ್ತದೆಂದು ತಿಳಿಯದ ಗುಂಯ್‌ಗುಡುವಿಕೆಯ ಸ್ವಭಾವವನ್ನು ಡೆಸಿಬಲ್ ಹೇಳುವುದಿಲ್ಲ. ರಾತ್ರಿ ಕಿವಿಯ ಬಳಿ ಸುತ್ತುವ ಒಂದೇ ಒಂದು ಸೊಳ್ಳೆಯ ಶಬ್ದವನ್ನು ಯಾರೂ ಮಾಪನ ಹಿಡಿದು ಅಳೆಯುವುದಿಲ್ಲ, ಆದರೆ ನಿದ್ದೆ ಬಾರದು.

ಇಷ್ಟೆಲ್ಲ ಆದ ಮೇಲೂ ಎಲ್ಲ ಕಡೆ ಕೇಳಿಬರುವ ಒಂದು ಮಾತಿದೆ: ಜನ ಒಗ್ಗಿಕೊಳ್ಳುತ್ತಾರೆ. ರೈಲಿಗೆ ಒಗ್ಗಿಕೊಂಡರು, ಮೊಬೈಲ್ ಟವರಿಗೆ ಒಗ್ಗಿಕೊಂಡರು, ಇದಕ್ಕೂ ಒಗ್ಗಿಕೊಳ್ಳುತ್ತಾರೆ ಎನ್ನುತ್ತಾರೆ. ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಏಕೆಂದರೆ ನಾವು ಒಗ್ಗಿಕೊಂಡವರು.

ನಮ್ಮ ಪಂಚಾಯತಿನ ಗುಡ್ಡೆಗಳಲ್ಲಿ ಸರ್ಕಾರಿ ಗೇರು ತೋಟವಿದೆ. ಗೇರು ಚಿಗುರಿ ಹೂಬಿಡುವ ಹೊತ್ತಿಗೆ ರಸ ಹೀರುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು, ಜಿಲ್ಲೆಯ ಸುಮಾರು 4,700 ಹೆಕ್ಟೇರ್ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ, ವರ್ಷಕ್ಕೆ ಎರಡು ಮೂರು ಸಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆಗ ನಮ್ಮ ಪ್ರತಿಕ್ರಿಯೆ ಹೇಗಿತ್ತು ಎಂದು ಕೇಳಿದರೆ ಸತ್ಯವನ್ನೇ ಹೇಳಬೇಕು: ನಾವು ಕುಣಿದೆವು. ಬಸ್ಸನ್ನೇ ಅಪರೂಪಕ್ಕೆ ಕಾಣುತ್ತಿದ್ದ ಮಕ್ಕಳಿಗೆ ಅಷ್ಟು ಹತ್ತಿರದಲ್ಲಿ ಹೆಲಿಕಾಪ್ಟರ್ ಸಿಕ್ಕಿತ್ತು. ತರಗತಿಯಿಂದ ಹೊರಗೆ ಓಡಿ, ಗುಡ್ಡೆಯ ಬದಿಗೆ ನಿಂತು ಕೈ ಬೀಸುತ್ತಿದ್ದೆವು. ಚಾಲಕ ಒಮ್ಮೆ ತಿರುಗಿ ಕೈ ಬೀಸಿದನೆಂದು ನನ್ನ ಗೆಳೆಯನೊಬ್ಬ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ಮುಖದ ಮೇಲೆ ತಣ್ಣಗೆ ಏನೋ ಬಿದ್ದದ್ದು, ವಾಸನೆ ಬಂದದ್ದು, ಮರುದಿನ ಜೇನುಗೂಡು ಖಾಲಿಯಾಗಿದ್ದದ್ದು ಎಲ್ಲ ನೆನಪಿದೆ. ಆಗ ಇವು ಒಂದಕ್ಕೊಂದು ಸೇರಿ ಅರ್ಥವಾಗಿರಲಿಲ್ಲ. ಕೆಲವು ಸಲ ಬಾವಿ ಮುಚ್ಚಿ ಎಂದು ಹೇಳಿಕಳಿಸುತ್ತಿದ್ದರು, ಹಲವು ಸಲ ಶಬ್ದವೇ ಸುದ್ದಿಯಾಗಿತ್ತು. ಅಮ್ಮ ಮುಚ್ಚುತ್ತಿದ್ದರು. ಆದರೆ ಗುಡ್ಡೆಯ ಹೊಟ್ಟೆ ಕೊರೆದ ಸುರಂಗದಿಂದ ಹರಿದು ಬರುವ ನೀರನ್ನೇ ಕುಡಿಯುವ ಊರು ನಮ್ಮದು. ಸುರಂಗದ ಬಾಯಿಯ ಹೊಂಡಕ್ಕೆ, ತೋಡಿಗೆ, ಮದಕಕ್ಕೆ ಯಾವ ತಗಡನ್ನು ಹೊದಿಸುವುದು?

ಕರುಗಳು ಅಂಗವಿಕಲವಾಗಿ ಹುಟ್ಟುವುದನ್ನು ಗಮನಿಸಿ ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಬರೆದರು. ವಾಣಿನಗರದ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಸಹಜವಲ್ಲದ್ದು ಕಾಣುತ್ತಿದೆ ಎಂದು ವರ್ಷಗಟ್ಟಲೆ ಹೇಳುತ್ತ ಬಂದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ನಮ್ಮ ಜಿಲ್ಲೆಯ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲೇರಿ 2000ದಲ್ಲಿ ತಡೆಯಾಜ್ಞೆ ತಂದರು. ದೇಶಕ್ಕೇ ಅನ್ವಯಿಸುವಂತೆ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಿ ಎಂದದ್ದು 2017ರಲ್ಲಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾವು ಆ ಶಬ್ದಕ್ಕೆ ಒಗ್ಗಿಕೊಂಡಿದ್ದೆವು, ಮತ್ತು ನಾವು ಸುಮ್ಮನಿದ್ದದ್ದನ್ನು ಎಲ್ಲರೂ ನಮ್ಮ ಒಪ್ಪಿಗೆಯೆಂದೇ ಎಣಿಸಿದ್ದರು.

ಕೊತ್ತಂಬರಿ ಸೊಪ್ಪು ತರುವ ಡ್ರೋನಿಗೂ ವಿಷ ಸುರಿದ ಹೆಲಿಕಾಪ್ಟರಿಗೂ ಹೋಲಿಕೆ ನ್ಯಾಯವಲ್ಲ ಎಂದು ಮಗಳು ಹೇಳಿದಳು. ಅವಳು ಹೇಳಿದ್ದು ಸರಿ. ಒಂದು ಪೊಟ್ಟಣ ಹಾಲಿನಿಂದ ಯಾರ ಮಗುವೂ ಅಂಗವಿಕಲವಾಗುವುದಿಲ್ಲ. ನಾನು ಹೋಲಿಸುತ್ತಿರುವುದು ಹೊತ್ತು ತರುವ ಸರಕನ್ನಲ್ಲ, ಹೊತ್ತು ತರುವ ರೀತಿಯನ್ನು. ಎರಡೂ ಕಡೆ ಲಾಭ ಒಬ್ಬರದು, ಮನೆಯ ಮಾಡು ಇನ್ನೊಬ್ಬರದು. ಎರಡೂ ಕಡೆ ಮೊದಲ ದಿನದ ಕುತೂಹಲವನ್ನೇ ಜನಾಭಿಪ್ರಾಯವೆಂದು ಬರೆದುಕೊಳ್ಳಲಾಗುತ್ತದೆ.

ಡ್ರೋನನ್ನೇ ಬೇಡವೆನ್ನುವವನು ನಾನಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ತಲಪಾಡಿಯ ಗಡಿ ಮುಚ್ಚಿತು, ಒಳದಾರಿಗಳಿಗೆಲ್ಲ ಮಣ್ಣು ಸುರಿದು ತಡೆದರು. ಆಸ್ಪತ್ರೆಗೆ ಮಂಗಳೂರನ್ನೇ ನಂಬಿದ್ದ ಈ ಜಿಲ್ಲೆಯ ಉತ್ತರ ಭಾಗಕ್ಕೆ ಉಸಿರು ಕಟ್ಟಿದಂತಾಯಿತು. ಗಡಿ ದಾಟಲಾಗದೆ ಚಿಕಿತ್ಸೆ ಸಿಗದೆ ತೀರಿಕೊಂಡವರಿದ್ದಾರೆ. ಆಗ ನನ್ನ ಚಿಕ್ಕಪ್ಪನ ಹೃದಯದ ಮಾತ್ರೆಗಳು ಮುಗಿದಿದ್ದವು. ಮಂಗಳೂರಿನ ಸಂಬಂಧಿಕನೊಬ್ಬ ಅವನ್ನು ಗಡಿಯ ಒಂದು ಒಳದಾರಿಯವರೆಗೆ ತಂದು, ಆ ಮಣ್ಣಿನ ದಿಬ್ಬದ ಮೇಲೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಟ್ಟು, ಹತ್ತು ಮಾರು ಹಿಂದಕ್ಕೆ ಸರಿದು ನಿಂತ. ನಾನು ಈ ಕಡೆಯಿಂದ ಹತ್ತಿ ಎತ್ತಿಕೊಂಡೆ. ಇಬ್ಬರೂ ಮಾಸ್ಕಿನ ಒಳಗಿನಿಂದ ಏನೋ ಕೂಗಿದೆವು, ಸರಿಯಾಗಿ ಕೇಳಿಸಲಿಲ್ಲ. ಆ ದಿನ ಆಕಾಶದಲ್ಲಿ ಔಷಧ ಹೊತ್ತ ಡ್ರೋನ್ ಬಂದಿದ್ದರೆ ಅದಕ್ಕೆ ಕೈ ಮುಗಿಯುತ್ತಿದ್ದೆ. ರುವಾಂಡಾದಲ್ಲಿ 2016ರಿಂದ ಡ್ರೋನುಗಳು ಗುಡ್ಡಗಾಡಿನ ಆಸ್ಪತ್ರೆಗಳಿಗೆ ರಕ್ತ ತಲುಪಿಸುತ್ತಿವೆ. ಇದರಿಂದ ಅವಧಿ ಮೀರಿ ಹಾಳಾಗುವ ರಕ್ತದ ಪ್ರಮಾಣ ಶೇಕಡಾ 67ರಷ್ಟು ಇಳಿಯಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಮ್ಮಲ್ಲೇ 2021ರ ಅಕ್ಟೋಬರಿನಲ್ಲಿ ಮಣಿಪುರದ ಬಿಷ್ಣುಪುರದಿಂದ ಲೋಕ್ತಾಕ್ ಸರೋವರದ ಕರಾಂಗ್ ದ್ವೀಪಕ್ಕೆ ಲಸಿಕೆಯನ್ನು ಸುಮಾರು ಕಾಲು ಗಂಟೆಯಲ್ಲಿ ತಲುಪಿಸಿದರು. ಇಂಥ ಹಾರಾಟದ ಶಬ್ದವನ್ನು ಕೆಳಗಿರುವವರು ತಾಳಿಕೊಳ್ಳುತ್ತಾರೆ, ಏಕೆಂದರೆ ಅದು ನಾಳೆ ತಮ್ಮ ಮನೆಗೂ ಬರಬೇಕಾದ ರಕ್ತವೆಂದು ಅವರಿಗೆ ಗೊತ್ತು.

ಹತ್ತು ನಿಮಿಷ ಮೊದಲು ಬರುವ ಐಸ್‌ಕ್ರೀಮಿಗೆ ಆ ಮರ್ಯಾದೆ ತಾನಾಗಿ ಸಿಗುವುದಿಲ್ಲ. ಅದನ್ನು ಕೇಳಿ ಪಡೆಯಬೇಕು.

ಯಾರಲ್ಲಿ ಕೇಳಬೇಕು ಎಂಬುದೇ ಕಾನೂನಿನಲ್ಲಿ ಮಸುಕಾಗಿರುವ ಜಾಗ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಥಾಮಸ್ ಕಾಸ್ಬಿ ಎಂಬ ಕೋಳಿ ಸಾಕುವವನ ಹೊಲದ ಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಯ ವಿಮಾನಗಳು 83 ಅಡಿಯಷ್ಟು ಕೆಳಗೆ ಹಾರಿ, ಹೆದರಿದ ಕೋಳಿಗಳು ಗೋಡೆಗೆ ಬಡಿದುಕೊಂಡು ಸುಮಾರು 150 ಸತ್ತವು. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ನೆಲದ ಒಡೆತನ ಆಕಾಶದ ತುದಿಯವರೆಗೂ ಹೋಗುತ್ತದೆಂಬ ಹಳೆಯ ಮಾತಿಗೆ ಈಗ ಅರ್ಥವಿಲ್ಲವೆಂದಿತು. ಆದರೆ ನೆಲವನ್ನು ಬಳಸಿ ಬದುಕಲು ಬೇಕಾದಷ್ಟು ಮೇಲಿನ ಜಾಗ ನೆಲದವನದ್ದೇ ಎಂದೂ ಹೇಳಿತು. ನಮ್ಮ ದೇಶದಲ್ಲಿ 2025ರ ಆರಂಭದವರೆಗೆ ಜಾರಿಯಲ್ಲಿದ್ದ 1934ರ ವಿಮಾನ ಕಾಯ್ದೆ, ಸಮಂಜಸವಾದ ಎತ್ತರದಲ್ಲಿ ನಿಯಮದಂತೆ ವಿಮಾನ ಹಾರಿದ ಮಾತ್ರಕ್ಕೆ ಯಾರೂ ದಾವೆ ಹೂಡುವಂತಿಲ್ಲ ಎನ್ನುತ್ತಿತ್ತು. ಮೋಡದ ಮಟ್ಟದಲ್ಲಿ ಹಾರುವ ವಿಮಾನದ ಕಾಲದಲ್ಲಿ ಸಮಂಜಸ ಎತ್ತರ ಎಷ್ಟೆಂದು ಅಂಗಳದಲ್ಲಿ ನಿಂತು ಕೇಳುವ ಅಗತ್ಯ ಬರಲಿಲ್ಲ. ಈಗ ಬಂದಿದೆ. 2021ರ ಆಗಸ್ಟಿನ ಡ್ರೋನ್ ನಿಯಮಗಳು ಅರ್ಜಿ ನಮೂನೆಗಳನ್ನು 25ರಿಂದ 5ಕ್ಕೆ ಇಳಿಸಿದವು, ದೇಶದ ನಕ್ಷೆಗೆ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಿದವು. ಹಸಿರು ವಲಯದಲ್ಲಿ 400 ಅಡಿಯವರೆಗೆ ಹಾರಲು ಮುಂಗಡ ಅನುಮತಿ ಬೇಡ. ಹಾರಿಸುವವನ ದಾರಿ ಹೀಗೆ ಸಲೀಸಾಯಿತು, ಅದು ಒಳ್ಳೆಯದೇ. ಕೆಳಗಿರುವವನು ನಿಂತು ಮಾತಾಡುವ ಒಂದು ಕಟ್ಟೆ ಮಾತ್ರ ಆ ನಕ್ಷೆಯಲ್ಲಿ ಇನ್ನೂ ಬೇಕಾಗಿದೆ.

ನಾಳೆ ಕಾಸರಗೋಡು ಪೇಟೆಯ ಫ್ಲಾಟುಗಳಿಗೂ, ಮಂಗಳೂರಿನಿಂದ ಉಪ್ಪಳದವರೆಗೂ ಇಂಥ ಸೇವೆ ಬರಬಹುದು. ಆಗ ಪಂಚಾಯತಿನ ಗ್ರಾಮಸಭೆಯಲ್ಲಿ, ನಗರಸಭೆಯ ವಾರ್ಡಿನ ಸಭೆಯಲ್ಲಿ ದಾರಿಯ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕನ್ನಡ, ಮಲಯಾಳ ಎರಡರಲ್ಲೂ ಓದಿ ಹೇಳಬೇಕು. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ, ಯಾರ ಮಾಡಿನ ಮೇಲಿಂದ, ಕ್ಯಾಮೆರಾ ಏನನ್ನು ನೋಡುತ್ತದೆ, ಬಿದ್ದರೆ ಯಾರಿಗೆ ಹೇಳಬೇಕು ಎಂಬುದಕ್ಕೆ ಉತ್ತರ ಕೊಡಲು ಒಬ್ಬ ಮನುಷ್ಯ ಎದುರಿಗೆ ನಿಂತಿರಬೇಕು. ಎರಡೂ ಭಾಷೆಗಳೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಅರ್ಥವಾಗದ ಭಾಷೆಯ ಸುತ್ತೋಲೆಗೆ ಸಹಿ ಹಾಕಿ ಕಳೆದುಕೊಂಡವರನ್ನು ಈ ಗಡಿನಾಡಿನಲ್ಲಿ ಕಂಡಿದ್ದೇನೆ. ಆರು ತಿಂಗಳ ಬಳಿಕ ಇನ್ನೊಮ್ಮೆ ಅದೇ ಸಭೆ ಸೇರಬೇಕು, ಬೇಡವೆನ್ನುವ ಹಕ್ಕು ಆಗಲೂ ಉಳಿದಿರಬೇಕು. ರಾಯಚೂರಿನ ಆ ಹುಡುಗ ಕೇಳಿದ ಪ್ರಶ್ನೆಗೆ ನನಗೆ ತೋಚಿದ ಉತ್ತರ ಇಷ್ಟೇ.

ಅಮ್ಮ ಬಾವಿ ಮುಚ್ಚಿದ ಸುದ್ದಿ ನೆರೆಮನೆಗೂ ತಲುಪಿತ್ತು. ಎರಡನೆಯ ಸಲ ಮದ್ದು ಬಿಡುವ ಹಿಂದಿನ ಸಂಜೆ ಆ ಮನೆಯ ಹುಡುಗ ಬಂದು ಚಾವಡಿಯ ಮೆಟ್ಟಿಲಿನ ಮೇಲೆ ಕುಳಿತ. "ಅಜ್ಜೀ, ನಾಳೆ ಏಳೂವರೆಗೆ ಡ್ರೋನ್ ಬರುತ್ತದೆ. ಬರೀ ಮೈಲುತುತ್ತು, ಸುಣ್ಣ. ನಿಮ್ಮ ಬೇಲಿಯಿಂದ ನಾಲ್ಕು ಸಾಲು ಬಿಟ್ಟು ಹಾರಿಸುತ್ತೇವೆ" ಎಂದ. ಅಮ್ಮ ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿ, "ಗಾಳಿ ಯಾವ ಕಡೆಗೆ?" ಎಂದು ಕೇಳಿದರು. ಅವನಿಗೆ ಅದು ಹೊಳೆದಿರಲಿಲ್ಲ. ಎದ್ದು ಅಂಗಳಕ್ಕಿಳಿದು, ಒಣಗಿದ ಒಂದು ಹಿಡಿ ಹುಲ್ಲನ್ನು ಮೇಲಕ್ಕೆ ತೂರಿ ನೋಡಿದ. ಹುಲ್ಲು ನಮ್ಮ ಬಾವಿಯ ಕಡೆಗೇ ಬಂದು ಬಿತ್ತು. ಏಳೂವರೆ ಬೇಡ, ಗಾಳಿ ಏಳುವ ಮೊದಲು ಆರೂವರೆಗೆ ಮುಗಿಸುವುದೆಂದು ಅವರಿಬ್ಬರೂ ಮಾತಾಡಿಕೊಂಡರು. ಹೋಗುವಾಗ ಹುಡುಗ ಕೊಟ್ಟಿಗೆಯ ಬದಿಯಿಂದ ತಗಡನ್ನು ಎತ್ತಿ ತಂದು ಬಾವಿಗೆ ಹೊದಿಸಿದ. ಕಲ್ಲು ಎಲ್ಲಿಡಬೇಕೆಂದು ಅಮ್ಮ ಚಾವಡಿಯಿಂದಲೇ ಕೈ ತೋರಿಸಿದರು.